ಬಡಿಸೋಕೂ ಟ್ರೈನಿಂಗಾ? ಹೌದು ಸ್ವಾಮಿ, ಬಡಿಸೋಕೇ!

"ಊಟ ಬಡಿಸೋಕೂ ಟ್ರೈನಿಂಗಾ? ಈ ಅಮೆರಿಕದವರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ ಕಣ್ರೀ!"

ನಿನ್ನೆ ಸಂಜೆ ವರಮಹಾಲಕ್ಷ್ಮಿ ಹಬ್ಬಕ್ಕೆ ಹೋಗಿದ್ದ ಮನೆಯಲ್ಲಿ ಕೇಳಿದ ಮಾತು ಇದು. ಹೇಳಿದವರು ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವ ಮಹನೀಯರು. ಸೋಫಾ ಮೇಲಿದ್ದವರೆಲ್ಲ ಹೋ ಎಂದು ನಕ್ಕರು. ಇಲ್ಲಿ ಟೆಕ್ಸಾಸಿನ ಶಾಲೆಯೊಂದರ ಕೆಫೆಟೇರಿಯಾದಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ ನನ್ನದು. ಶಾಲೆ ಶುರುವಾಗುವ ಮುಂಚೆ ನಮ್ಮ ಕೆಫೆಟೇರಿಯಾದವರಿಗೆ ಪ್ರತಿ ವರ್ಷ ನಾಗರಿಕ ಹಕ್ಕುಗಳ ತರಬೇತಿ ಇರುತ್ತದೆ. ಅದನ್ನು ಮುಗಿಸಿಕೊಂಡು ಬಂದೆ ಅಂತ ಹೇಳಿದ್ದೇ ನಾನು ಮಾಡಿದ ಅಪರಾಧ. "ನಮ್ಮಲ್ಲಿ ಅನ್ನದಾನ ರಕ್ತದಲ್ಲೇ ಇದೆ, ಯಾರೂ ಹೇಳಿಕೊಡಬೇಕಾಗಿಲ್ಲ" ಅಂತ ಇನ್ನೊಬ್ಬರು ಒಗ್ಗರಣೆ ಹಾಕಿದರು. ಹಬ್ಬದ ಮನೆಯಲ್ಲಿ ಜಗಳ ಯಾಕೆ ಅಂತ ತಾಂಬೂಲ ತಗೊಂಡು ಸುಮ್ನೆ ಬಂದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಆ ಸಿಟ್ಟೆಲ್ಲ ಇಲ್ಲಿ ಬರೆಯುತ್ತಿದ್ದೇನೆ, ಉದ್ದ ಇದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ಡಲ್ಲಾಸ್ ಸುತ್ತಮುತ್ತ ನಮ್ಮ ಕಡೆಯ ಎಷ್ಟೋ ಹೆಂಗಸರು ಶಾಲೆಗಳ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ಮಕ್ಕಳ ಶಾಲೆಯ ಹೊತ್ತಿಗೇ ಹೋಗಿ ಬರಬಹುದು, ಬೇಸಿಗೆಯಲ್ಲಿ ರಜೆ. ಆದರೆ ಊರಿಗೆ ಫೋನ್ ಮಾಡಿದಾಗ "ಸ್ಕೂಲಲ್ಲಿ ಕೆಲಸ" ಅಂತ ಹೇಳಿ ಮಾತು ಬದಲಿಸುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ನಮ್ಮತ್ತೆಯ ಲೆಕ್ಕದಲ್ಲಿ ಇವತ್ತಿಗೂ ನಾನು ಟೀಚರ್. ತಲೆಗೆ ಬಲೆ ಕಟ್ಟಿಕೊಂಡು ಗ್ಲೌಸ್ ಹಾಕಿ ಟ್ರೇಗೆ ಬೀನ್ಸ್ ಹಾಕುವ ಸೊಸೆಯನ್ನು ಅವರು ನೋಡಿಲ್ಲ. ಈ ಪೋಸ್ಟನ್ನು ಯಾರೂ ಅವರಿಗೆ ಫಾರ್ವರ್ಡ್ ಮಾಡಬೇಡಿ, ಪ್ಲೀಸ್.

ಇರಲಿ. ಆ ಟ್ರೈನಿಂಗಿನಲ್ಲಿ ಏನು ಹೇಳಿಕೊಡುತ್ತಾರೆ ಅಂತ ನಕ್ಕವರಲ್ಲಿ ಒಬ್ಬರೂ ಕೇಳಲಿಲ್ಲ. ನೀವಾದರೂ ಕೇಳಿ. ಇಲ್ಲಿ ಶಾಲೆಯ ಊಟಕ್ಕೆ ಕೇಂದ್ರ ಸರ್ಕಾರದ ಕೃಷಿ ಇಲಾಖೆಯಿಂದ ದುಡ್ಡು ಬರುತ್ತದೆ. ಆ ದುಡ್ಡು ಮುಟ್ಟಿದ ಶಾಲೆ ಜನಾಂಗ, ಮೈಬಣ್ಣ, ಮೂಲ ದೇಶ, ಲಿಂಗ, ವಯಸ್ಸು, ಅಂಗವೈಕಲ್ಯ ಇವುಗಳ ಹೆಸರಿನಲ್ಲಿ ಯಾವ ಮಗುವಿಗೂ ಭೇದ ಮಾಡುವಂತಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ, ಆಮೇಲೆ ಬಂದ ಇನ್ನೂ ಕೆಲವು ಕಾಯ್ದೆಗಳು ಇದರ ಹಿಂದಿವೆ. ಮಕ್ಕಳ ಎದುರು ನಿಂತು ಬಡಿಸುವವರೂ ಅವರ ಮೇಲಿನವರೂ ವರ್ಷ ವರ್ಷ ಇದನ್ನು ಕಲಿಯಲೇಬೇಕು. "ಆಂಡ್ ಜಸ್ಟಿಸ್ ಫಾರ್ ಆಲ್" (ಎಲ್ಲರಿಗೂ ನ್ಯಾಯ) ಅಂತ 11 ಇಂಚು ಅಗಲ, 17 ಇಂಚು ಉದ್ದದ ಪೋಸ್ಟರು ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು. ಫ್ರಿಜ್ಜಿನ ಹಿಂದೆ ಅಲ್ಲ. ಭೇದ ಆಯಿತು ಅನ್ನಿಸಿದರೆ ದೂರು ಕೊಡಲು 180 ದಿನ ಅವಕಾಶ ಇದೆ. ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೂ ನಾವು ಬರೆದುಕೊಳ್ಳಬೇಕು. "ಬರೆದುಕೊಂಡು ಬನ್ನಿ, ನಾಳೆ ಬನ್ನಿ" ಅನ್ನುವ ಹಾಗಿಲ್ಲ.

ಇದೆಲ್ಲ ಕಾನೂನಿನ ಮಾತಾಯಿತು. ನನಗೆ ನಾಟಿದ್ದು ಕ್ವಿಜ್‌ನಲ್ಲಿದ್ದ ಒಂದು ಸಣ್ಣ ಪ್ರಶ್ನೆ. ಹುಡುಗರಿಗೆ ಹಸಿವು ಜಾಸ್ತಿ ಅಂತ ಅವರಿಗೆ ಸ್ವಲ್ಪ ಹೆಚ್ಚು ಬಡಿಸಬಹುದಾ?

ಪಕ್ಕದಲ್ಲಿದ್ದ ಮೆಕ್ಸಿಕೋ ಮೂಲದ ಗೆಳತಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರೂ ಮುಸಿಮುಸಿ ನಕ್ಕೆವು. ಅವಳ ಅಜ್ಜಿಯೂ ನಮ್ಮಜ್ಜಿಯೂ ಈ ಪ್ರಶ್ನೆಯಲ್ಲಿ ಫೇಲ್ ಆಗುತ್ತಿದ್ದರು. ನಮ್ಮ ಮನೆಯಲ್ಲಿ ಬಿಸಿ ಅನ್ನದ ಮೇಲೆ ತುಪ್ಪ ಮೊದಲು ಬೀಳುತ್ತಿದ್ದದ್ದು ಅಣ್ಣನ ತಟ್ಟೆಗೆ. ಕೆನೆಮೊಸರು ಅವನಿಗೆ, ನೀರುಮಜ್ಜಿಗೆ ನನಗೆ ಮತ್ತು ಅಕ್ಕನಿಗೆ. ದೋಸೆ ಹುಯ್ಯುವಾಗ ಗರಿಗರಿ ದೋಸೆ ಅವನಿಗೆ ಹೋಗುತ್ತಿತ್ತು, ಹರಿದದ್ದು, ಸೀದದ್ದು ನಮಗೆ, ಅಮ್ಮನಿಗೆ ಕೊನೆಗೆ ಉಳಿದ ಹಿಟ್ಟು. ಅಜ್ಜಿಗೆ ನಮ್ಮ ಮೇಲೆ ಪ್ರೀತಿ ಇರಲಿಲ್ಲವಾ? ಬೇಕಾದಷ್ಟಿತ್ತು. ಪ್ರೀತಿಯಿಂದಲೇ ಬಡಿಸುತ್ತಿದ್ದಳು, ಪ್ರೀತಿಯಿಂದಲೇ ಕಡಿಮೆ ಬಡಿಸುತ್ತಿದ್ದಳು. "ರಕ್ತದಲ್ಲೇ ಇದೆ" ಅಂದರಲ್ಲ, ಇದೂ ಅದೇ ರಕ್ತದಲ್ಲೇ ಇದೆ ಸ್ವಾಮಿ.

ಈಗ ನನ್ನ ಕೈಯಲ್ಲಿ ಬೂದು ಹಿಡಿಯ ಎಂಟನೇ ನಂಬರ್ ಸ್ಕೂಪ್ ಇರುತ್ತದೆ. ಮಟ್ಟವಾಗಿ ತುಂಬಿದರೆ ಸರಿಯಾಗಿ ಅರ್ಧ ಕಪ್. ಫುಟ್‌ಬಾಲ್ ಆಡುವ ಹುಡುಗ ಬಂದರೂ ಅಷ್ಟೇ, ಕಡ್ಡಿಯಂಥ ಹುಡುಗಿ ಬಂದರೂ ಅಷ್ಟೇ. ಹೈಸ್ಕೂಲಿನವರಿಗೆ ಅಳತೆ ಜಾಸ್ತಿ, ನಿಜ. ಅದು ತರಗತಿ ನೋಡಿ ಮಾಡಿದ್ದು, ಮೀಸೆ ನೋಡಿ ಅಲ್ಲ.

ಇನ್ನು ದುಡ್ಡಿನ ವಿಷಯ. ಟೆಕ್ಸಾಸಿನಲ್ಲಿ ಎಲ್ಲ ಮಕ್ಕಳಿಗೂ ಊಟ ಪುಕ್ಕಟೆ ಅಲ್ಲ. ತೀರಾ ಬಡವರ ಮಕ್ಕಳಿಗೆ ಉಚಿತ, ಸ್ವಲ್ಪ ಮೇಲಿನವರಿಗೆ ರಿಯಾಯಿತಿ ದರ, ಊಟಕ್ಕೆ 40 ಸೆಂಟ್ಸ್ ಮೀರುವಂತಿಲ್ಲ. ಉಳಿದವರು ಪೂರ್ತಿ ಕೊಡಬೇಕು. ಯಾವ ಮಗು ಯಾವ ಲೆಕ್ಕದಲ್ಲಿದೆ ಅನ್ನುವುದು ಪಕ್ಕದ ಮಗುವಿಗೆ ಗೊತ್ತಾಗಬಾರದು. ಬೇರೆ ಸಾಲು, ಬೇರೆ ಬಣ್ಣದ ಟಿಕೆಟ್ ಯಾವುದೂ ನಡೆಯುವುದಿಲ್ಲ. ಎಲ್ಲರೂ ಒಂದೇ ಥರ ನಂಬರ್ ಒತ್ತಿ ಮುಂದೆ ಹೋಗಬೇಕು. ಕ್ಯಾಷಿಯರ್ ಕೂಡ ಸ್ಕ್ರೀನ್ ನೋಡಿ ಬಾಯಿ ಬಿಡಬಾರದು.

ಒಮ್ಮೆ ಒಬ್ಬಳು ಹೊಸ ಕ್ಯಾಷಿಯರ್ ಬಾಯಿ ಬಿಟ್ಟಳು. ಐದನೇ ಕ್ಲಾಸಿನ ಹುಡುಗ ಜೇಬಿಗೆ ಕೈ ಹಾಕಿ ಚಿಲ್ಲರೆ ಹುಡುಕುವ ನಾಟಕ ಮಾಡುತ್ತಿದ್ದ, ಹಿಂದೆ ಗೆಳೆಯರಿದ್ದರಲ್ಲ. "ನಿಂದು ಫ್ರೀ ಕಂದಾ, ಹೋಗು ಹೋಗು" ಅಂದುಬಿಟ್ಟಳು. ಒಳ್ಳೆ ಹೆಂಗಸು, ಮಕ್ಕಳೆಂದರೆ ಪ್ರಾಣ. ಮರುದಿನ ಆ ಹುಡುಗ ಸಾಲಿಗೆ ಬರಲಿಲ್ಲ. ಮೂಲೆಯಲ್ಲಿ ಕೂತು ಒಂದು ಚಿಪ್ಸ್ ಪ್ಯಾಕೆಟ್ಟನ್ನು ಇಡೀ ಬಿಡುವಿನ ಹೊತ್ತು ಒಂದೊಂದಾಗಿ ತಿಂದ. ಅವನನ್ನು ಮತ್ತೆ ಸಾಲಿಗೆ ಕರೆತರಲು ನಮ್ಮ ಮ್ಯಾನೇಜರ್ ಪಟ್ಟ ಪಾಡು ನನಗೆ ಗೊತ್ತು. ಆ ಕ್ಯಾಷಿಯರಲ್ಲಿ ಪ್ರೀತಿಗೆ ಏನು ಕೊರತೆ ಇತ್ತು ಹೇಳಿ? ಅವಳಿಗೆ ಇನ್ನೂ ಟ್ರೈನಿಂಗ್ ಆಗಿರಲಿಲ್ಲ, ಅಷ್ಟೇ.

ಇದು ನಮ್ಮ ಒಂದು ಕೆಫೆಟೇರಿಯಾದ ಕಥೆಯಲ್ಲ. 2014ರಲ್ಲಿ ಯೂಟಾದ ಸಾಲ್ಟ್ ಲೇಕ್ ಸಿಟಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಅಕೌಂಟಿನಲ್ಲಿ ದುಡ್ಡಿಲ್ಲ ಅಂತ ಮಕ್ಕಳ ಕೈಯಿಂದ ಟ್ರೇ ಕಿತ್ತುಕೊಂಡು ಊಟವನ್ನು ಕಸದ ಬುಟ್ಟಿಗೆ ಹಾಕಿದರು. ಬಡಿಸಿಯಾದ ಊಟವನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲವಲ್ಲ, ಅದಕ್ಕೆ. ಮಗುವಿಗೇ ಬಿಟ್ಟುಬಿಡೋಣ ಅಂತ ಯಾರಿಗೂ ಹೊಳೆಯಲಿಲ್ಲ. ಊಟದ ದುಡ್ಡು ಬಾಕಿ ಇರುವ ಮಕ್ಕಳನ್ನು ಹೀಗೆ ಎಲ್ಲರೆದುರು ಅವಮಾನ ಮಾಡಬಾರದು ಅಂತ 2017ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯ ಕಾನೂನನ್ನೇ ತಂತು. ಬಡಿಸುವುದು ಅಷ್ಟು ಸಲೀಸಾಗಿದ್ದರೆ ಕಾನೂನು ಯಾಕೆ ಬೇಕಿತ್ತು?

ಈಗ ಕಾಮೆಂಟಿನಲ್ಲಿ ಒಬ್ಬರು ಬಂದೇ ಬರುತ್ತಾರೆ: "ಮೇಡಂ, ಅರ್ಧ ಗಂಟೆ ವಿಡಿಯೋ ನೋಡಿದರೆ ಮನುಷ್ಯರ ಮನಸ್ಸು ಬದಲಾಗುತ್ತಾ?" ಆಗಲ್ಲ. ಒಪ್ಪಿದೆ. ಆ ವಿಡಿಯೋ ನೀವು ನೋಡಬೇಕು, ಅದರ ಧ್ವನಿ ಕೇಳಿದರೆ ಕುಂಭಕರ್ಣನಿಗೂ ಆಕಳಿಕೆ ಬರುತ್ತದೆ. ನಮ್ಮವರಲ್ಲೇ ಅರ್ಧ ಜನ ಮೇಜಿನ ಕೆಳಗೆ ಫೋನ್ ನೋಡುತ್ತಿದ್ದರು. ಉತ್ತರವನ್ನು ಪಕ್ಕದವರಿಂದ ಕೇಳಿಕೊಂಡು, ಹಾಜರಿ ಹಾಳೆಗೆ ಸಹಿ ಹಾಕಿ, ಬಿಟ್ಟಿ ಕುಕೀಸ್ ತಿಂದು ಹೋದವರೂ ಇದ್ದಾರೆ. ಆದರೂ ಬೇಕು. ಮನಸ್ಸು ಬದಲಾಗಲಿ ಅಂತ ಕಾಯುತ್ತಾ ಕೂರಲು ಮಕ್ಕಳಿಗೆ ಊಟದ ಬಿಡುವು ಸಿಗುವುದೇ ಇಪ್ಪತ್ತೈದು ನಿಮಿಷ. ನಿಮ್ಮ ಮನಸ್ಸು ನಿಮ್ಮ ಹತ್ತಿರವೇ ಇರಲಿ, ನಮಗೆ ಬೇಡ. ಕೈ ನೆಟ್ಟಗಿರಲಿ, ಬಾಯಿ ಮುಚ್ಚಿರಲಿ, ತಪ್ಪಾದರೆ ಯಾರಿಗೆ ಹೇಳಬೇಕು ಅಂತ ಆ ಮಗುವಿನ ತಾಯಿಗೆ ಗೊತ್ತಿರಲಿ. ಟ್ರೈನಿಂಗ್ ಕೇಳುವುದು ಇಷ್ಟೇ.

ಈ ದೇಶದವರಿಗೂ ಇದು ಹುಟ್ಟಿನಿಂದ ಬಂದದ್ದಲ್ಲ. 1946ರಲ್ಲಿ ಶಾಲಾ ಊಟದ ಕಾಯ್ದೆ ಬಂದಾಗ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳ ಶಾಲೆ ಬೇರೆ, ಬಿಳಿಯರ ಶಾಲೆ ಬೇರೆ. ದುಡ್ಡೆಲ್ಲ ಬಿಳಿಯರ ಶಾಲೆಗೇ ಹೋದರೆ? ನ್ಯೂಯಾರ್ಕಿನ ಹಾರ್ಲೆಮ್‌ನಿಂದ ಗೆದ್ದು ಬಂದಿದ್ದ ಆಡಮ್ ಕ್ಲೇಟನ್ ಪೊವೆಲ್ ಎಂಬ ಕಪ್ಪು ಸಂಸದರು ಪಟ್ಟು ಹಿಡಿದು, ಅಂಥ ಕಡೆ ಊಟದ ಹಣ ನ್ಯಾಯವಾಗಿ ಹಂಚಿಕೆಯಾಗಬೇಕು ಅಂತ ಕಾಯ್ದೆಯೊಳಗೇ ಸೇರಿಸಿದರು. ಬೇರೆ ಬೇರೆ ಶಾಲೆಗಳು ಹಾಗೇ ಉಳಿದವು. ಅನ್ನದ ಪಾಲು ಮಾತ್ರ ಕೇಳಿ ಬರೆಸಿಕೊಂಡರು.

ಇನ್ನೊಂದು ತಮಾಷೆ ಹೇಳಲೇಬೇಕು. ನಿನ್ನೆ ನಕ್ಕವರಲ್ಲೇ ಒಬ್ಬರ ಮನೆಯವರು ಹೋದ ವರ್ಷ ನನಗೆ ಫೋನ್ ಮಾಡಿ, "ನಮ್ಮ ಮಗನಿಗೆ ಪೆಪ್ಪರೋನಿ (ಮಾಂಸದ) ಪಿಜ್ಜಾ ಬಿಟ್ಟರೆ ಏನೂ ಸಿಗಲಿಲ್ಲವಂತೆ, ಇದು ಧರ್ಮದ ಭೇದಭಾವ, ದೂರು ಕೊಡ್ತೀವಿ" ಅಂತ ಕೂಗಾಡಿದ್ದರು. ಮಗುವಿಗೆ ಅಲರ್ಜಿ ಇದ್ದು, ತಿನ್ನಬಾರದು ಅಂತ ವೈದ್ಯರು ಬರೆದುಕೊಟ್ಟರೆ ಶಾಲೆ ಬೇರೆ ಊಟ ಕೊಡಲೇಬೇಕು. ಆದರೆ ಶಾಲಾ ಊಟದಲ್ಲಿ ಭೇದ ಮಾಡಬಾರದು ಅಂತ ಮೇಲೆ ಹೇಳಿದ ಆ ಆರರ ಪಟ್ಟಿಯಲ್ಲಿ ಧರ್ಮ ಇಲ್ಲ. ಮ್ಯಾನೇಜರ್ ಮನಸ್ಸು ಮಾಡಿ ಚೀಸ್ ಪಿಜ್ಜಾ ಇಡಬಹುದು, ಇಟ್ಟೆವು ಕೂಡ. ಅವರಿಗೆ ಇದನ್ನೆಲ್ಲ ಸಮಾಧಾನವಾಗಿ ವಿವರಿಸಲು ನನಗೆ ಬಂದದ್ದು ಎಲ್ಲಿಂದ? ಅದೇ ಹುಚ್ಚು ಟ್ರೈನಿಂಗಿನಿಂದ! ತಮ್ಮ ಮಗುವಿನ ತಟ್ಟೆಯ ವಿಷಯ ಬಂದಾಗ ಹಕ್ಕು ಬೇಕು, ಪಕ್ಕದ ಮಗುವಿನದಾದರೆ ಅಮೆರಿಕದವರಿಗೆ ಬೇರೆ ಕೆಲಸ ಇಲ್ಲ.

ರಕ್ತದ ಮಾತಿಗೆ ಮತ್ತೆ ಬರುತ್ತೇನೆ, ಕ್ಷಮಿಸಿ, ಬಿಡಲಾಗುತ್ತಿಲ್ಲ. ಶಾಲೆಯ ಅಡುಗೆ ಕೆಲಸಕ್ಕೆ ದಲಿತರಿಗೆ, ಪರಿಶಿಷ್ಟರಿಗೆ ಆದ್ಯತೆ ಕೊಡಿ ಅಂತ ನಮ್ಮ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತು. ಹತ್ತು ವರ್ಷ ಕಳೆದ ಮೇಲೂ ನಮ್ಮದೇ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ದಲಿತ ಮಹಿಳೆ ಬಿಸಿಯೂಟ ಮಾಡುತ್ತಾರೆ ಅಂತ ಅಪ್ಪ ಅಮ್ಮಂದಿರು ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿದ ಸುದ್ದಿ ಬಂತು. 2021ರಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಸುಖಿಢಾಂಗ್‌ನಲ್ಲೂ ಮೇಲ್ಜಾತಿಯ ಮಕ್ಕಳು ಹಾಗೇ ಊಟ ಬಿಟ್ಟರು. ಆ ಮಕ್ಕಳಿಗೆ ಅದನ್ನು ಯಾರೂ ಪವರ್‌ಪಾಯಿಂಟ್ ಹಾಕಿ ಕಲಿಸಿರಲಿಲ್ಲ. ಮನೆಯಲ್ಲೇ, ಪುಕ್ಕಟೆಯಾಗಿ, ಬಾಯಿಪಾಠ ಮಾಡಿಸಿದ್ದರು. ಆ ಟ್ರೈನಿಂಗಿಗೆ ಯಾಕೆ ಯಾರೂ ನಗುವುದಿಲ್ಲ?

ಇವತ್ತು ಬೆಳಿಗ್ಗೆ ಊರಿಗೆ ಫೋನ್ ಹಚ್ಚಿದೆ. ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುವವಳು ನನಗಿಂತ ಚಿಕ್ಕವಳು, ಒಂದೇ ಶಾಲೆಯಲ್ಲಿ ಓದಿದವರು ನಾವು. ನಿಮಗೆ ಏನೇನು ಹೇಳಿಕೊಟ್ಟರು ಅಂತ ಕೇಳಿದೆ. ಗ್ಯಾಸ್ ಹೇಗೆ ಆಫ್ ಮಾಡಬೇಕು, ಅಕ್ಕಿ ಹೇಗೆ ಆರಿಸಬೇಕು, ಕೈ ಹೇಗೆ ತೊಳೆಯಬೇಕು ಅಂತ ಒಂದೊಂದಾಗಿ ಒಪ್ಪಿಸಿದಳು. ಯಾರಾದರೂ ನೀನು ಮಾಡಿದ್ದು ಬೇಡ ಅಂದರೆ, ಮಕ್ಕಳನ್ನು ಬೇರೆ ಕೂರಿಸಿದರೆ ಏನು ಮಾಡಬೇಕು ಅಂತ ಹೇಳಿಕೊಟ್ಟರಾ ಅಂದೆ. ನಕ್ಕಳು.

"ಅದನ್ನೆಲ್ಲ ಯಾರು ಹೇಳಿಕೊಡ್ತಾರೆ ಅಕ್ಕಾ?"

ದೂರು ಕೊಡಬಹುದಲ್ವಾ ಅಂದೆ.

"ಯಾರಿಗೆ ಕೊಡೋದು? ಶಾಲೆ ನೋಡಿಕೊಳ್ಳೋ ಎಸ್‌ಡಿಎಂಸಿ ಸಮಿತಿ ಅಧ್ಯಕ್ಷರಿಗಾ? ಅವರ ಮಗನೇ ದಿನಾ ಮನೆಯಿಂದ ಡಬ್ಬಿ ತರೋದು."