ಕೊಕ್ಕಿನಲ್ಲಿ ಪೆಕಾನ್, ಕಣ್ಣಲ್ಲಿ ಗೋಡಂಬಿ

ಪಾಯಸ ಬಡಿಸಿದ ಕೂಡಲೇ ಗೋಡಂಬಿಯನ್ನೆಲ್ಲ ಮೊದಲು ಹೆಕ್ಕಿ ತಿನ್ನುವ ಜಾತಿ ನನ್ನದು. ಹಾಗಾಗಿ ಗಾಫಿನ್ ಕಾಕಟೂಗಳ ಬಗ್ಗೆ ಓದಿದಾಗ ಕೊಂಚ ನಾಚಿಕೆಯೇ ಆಯಿತು.

ಇಂಡೋನೇಷ್ಯಾದ ತನಿಂಬಾರ್ ದ್ವೀಪಗಳ ಈ ಬಿಳಿ ಗಿಳಿಗಳನ್ನು ವಿಯೆನ್ನಾ ವಿಶ್ವವಿದ್ಯಾಲಯದ ವಿಜ್ಞಾನಿ ಆಲಿಸ್ ಔರ್ಸ್‌ಪೆರ್ಗ್ ಮತ್ತು ಸಂಗಡಿಗರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲು ಅಕ್ರೋಟಿನಂಥ ಒಂದು ಪೆಕಾನ್ ಬೀಜ ಕೊಡುತ್ತಾರೆ. ಅದನ್ನು ಕಚ್ಚದೆ ಇಟ್ಟುಕೊಂಡು, ಸ್ವಲ್ಪ ಹೊತ್ತಿನ ನಂತರ ಚಾಚಿದ ಕೈಗೆ ಹಾಗೆಯೇ ಮರಳಿಸಿದರೆ ಗೋಡಂಬಿ ಸಿಗುತ್ತದೆ. ಕೆಲವು ಹಕ್ಕಿಗಳು 80 ಸೆಕೆಂಡಿನವರೆಗೆ ಕಾದವು. ಅಷ್ಟೇನಾ ಎನ್ನಬೇಡಿ. 1970ರ ಆಸುಪಾಸಿನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಮಕ್ಕಳ ಮುಂದೆ ಸಿಹಿತಿಂಡಿ ಇಟ್ಟು ಕಾಯಲು ಹೇಳಿದಾಗ, ತಿಂಡಿ ಇದ್ದದ್ದು ಮೇಜಿನ ಮೇಲೆ; ಮಕ್ಕಳು ಮುಖ ತಿರುಗಿಸಬಹುದಿತ್ತು. ಇಲ್ಲಿ ಬೀಜ ಇರುವುದು ಕೊಕ್ಕಿನೊಳಗೆ, ನಾಲಿಗೆಯ ಪಕ್ಕದಲ್ಲೇ. ಬಾಯಲ್ಲಿ ಚಕ್ಕುಲಿ ಇಟ್ಟುಕೊಂಡು ಒಂದೂಕಾಲು ನಿಮಿಷ ಹಲ್ಲು ತಾಗಿಸದೆ ಕುಳಿತು ನೋಡಿ.

ಇಷ್ಟಾದರೂ ಇದನ್ನು ‘ತಾಳ್ಮೆ’ ಎಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಕೈಗೆ ಬಂದದ್ದೇ ಹೆಚ್ಚು ಇಷ್ಟದ್ದಾದರೆ ಈ ಹಕ್ಕಿಗಳು ಕಾಯುವ ಗೋಜಿಗೆ ಹೋಗುವುದಿಲ್ಲ, ತಿಂದುಬಿಡುತ್ತವೆ. ಬರೀ ಕಾಯುವುದು ಅಭ್ಯಾಸ ಬಲದಿಂದಲೂ ಬರಬಹುದು. ಯಾವಾಗ ಕಾಯಬಾರದು ಎಂದು ತಿಳಿಯಲು ತೂಗಿ ನೋಡಬೇಕು. ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಹಿಡಿಸಿತು: ಅದೇ ತಿಂಡಿ ಹೆಚ್ಚು ಸಿಗುತ್ತದೆ ಎನ್ನುವಾಗ ತೋರುವ ಉತ್ಸಾಹಕ್ಕಿಂತ, ಅದಕ್ಕಿಂತ ಒಳ್ಳೆಯದು ಸಿಗುತ್ತದೆ ಎನ್ನುವಾಗಿನ ಉತ್ಸಾಹ ಹೆಚ್ಚು. ಒಂದು ಕೊಂಡರೆ ಒಂದು ಉಚಿತ ಎಂಬ ಫಲಕ ಕಂಡಲ್ಲೆಲ್ಲ ನುಗ್ಗುವ ನಾವು ಇವುಗಳಿಗೆ ‘ಗಿಳಿಪಾಠ’ದ ಪಟ್ಟ ಕಟ್ಟಿದ್ದೇವೆ!

ಗಿಳಿಗಳ ಬುದ್ಧಿಶಕ್ತಿಯನ್ನು ಅಧ್ಯಯನ ಮಾಡುವ ವಿಜ್ಞಾನಿ ಐರಿನ್ ಪೆಪ್ಪರ್‌ಬರ್ಗ್ ಅವರ ಬೂದುಗಿಳಿ ಗ್ರಿಫಿನ್‌ನದ್ದು ಬೇರೆಯೇ ಕಥೆ. ಅದರೆದುರು ಅಷ್ಟಾಗಿ ಇಷ್ಟವಿಲ್ಲದ ತಿಂಡಿಯ ಬಟ್ಟಲಿಟ್ಟು ‘ಕಾಯು’ ಎಂದು ಹೇಳಿ ಹೋಗುತ್ತಿದ್ದರು. ಅದು 15 ನಿಮಿಷದವರೆಗೂ ಕಾದಿದೆ. ಆದರೆ ಧ್ಯಾನಸ್ಥ ಮುನಿಯ ಹಾಗೆ ಅಲ್ಲ. ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತಿತ್ತು, ಗರಿ ತೀಡಿಕೊಳ್ಳುತ್ತಿತ್ತು, ಒಮ್ಮೆಯಂತೂ ಬಟ್ಟಲನ್ನೇ ಎತ್ತಿ ದೂರಕ್ಕೆ ಎಸೆದುಬಿಟ್ಟಿತು.

ಆ ಉಪಾಯ ನನಗೂ ಹೊಳೆದಿತ್ತು. ಚಕ್ಕುಲಿ ಡಬ್ಬಿಯನ್ನು ಮೊನ್ನೆ ಅಟ್ಟಕ್ಕೇರಿಸಿದ್ದೇನೆ. ಏಣಿಯನ್ನು ಮಾತ್ರ ಇನ್ನೂ ತೆಗೆದಿಲ್ಲ.