ಸೊನ್ನೆಯೋ, ಖಾಲಿಯೋ?

ಹನ್ನೊಂದು ತಿಂಗಳು ಕಾದ ಮೇಲೆ ಒಂದು ಸರ್ಕಾರಿ ಕಚೇರಿಯಿಂದ ನಾನು ಕೇಳಿದ್ದ ಮಾಹಿತಿ ಬಂತು. ಬಂದದ್ದು 214 ಪುಟಗಳ ಪಿಡಿಎಫ್. ಎಕ್ಸೆಲ್‌ನಲ್ಲಿದ್ದ ಕೋಷ್ಟಕವನ್ನು ಯಾರೋ ಮುದ್ರಿಸಿ, ಪುಟಪುಟಕ್ಕೂ ಮೊಹರು ಒತ್ತಿ, ಅದನ್ನು ಮತ್ತೆ ಸ್ಕ್ಯಾನ್ ಮಾಡಿ ಕಳುಹಿಸಿದ್ದರು. ಕೆಲವು ಪುಟಗಳಲ್ಲಿ ಮೊಹರು ಅಂಕಿಗಳ ಮೇಲೆಯೇ ಕುಳಿತಿತ್ತು. ಅದು 3 ಇರಬಹುದೋ 8 ಇರಬಹುದೋ ಎಂದು ಪರದೆಗೆ ಮೂಗು ತಾಗಿಸಿ ನೋಡಬೇಕಿತ್ತು.

ಬೈಯುವುದಕ್ಕಾಗಿಯೇ ಇದನ್ನು ಬರೆಯುತ್ತಿಲ್ಲ. (ಸ್ವಲ್ಪ ಬೈಗುಳವೂ ಇದೆ ಅನ್ನಿ.) ಎರಡು ತಿಂಗಳು ಕುಳಿತು ಅಷ್ಟನ್ನೂ ಟೈಪ್ ಮಾಡಿಕೊಂಡೆ. ಹಾಗೆ ಮಾಡುವಾಗ ಕಣ್ಣಿಗೆ ಬಿದ್ದ ಸಂಗತಿಯೇ ಈ ಬರಹಕ್ಕೆ ಕಾರಣ. ಆರೋಗ್ಯ ಕೇಂದ್ರಗಳಿಗೆ ಪ್ರತಿ ತಿಂಗಳು ಬಂದ ಜ್ವರದ ಪ್ರಕರಣಗಳ ಪಟ್ಟಿ ಅದು. ಕೋಷ್ಟಕದ ಕೆಲವು ಮನೆಗಳಲ್ಲಿ ಸೊನ್ನೆ, ಕೆಲವದರಲ್ಲಿ ಅಡ್ಡಗೆರೆ, ಇನ್ನು ಕೆಲವದರಲ್ಲಿ ಏನೂ ಇಲ್ಲ. ಮೂರನ್ನೂ ಸೊನ್ನೆ ಎಂದು ಹಿಡಿದರೆ ಆ ವರ್ಷ ಜ್ವರ ಗಣನೀಯವಾಗಿ ಇಳಿದಿತ್ತು. ಖಾಲಿ ಮನೆಗಳನ್ನು ಬಿಟ್ಟು ಸರಾಸರಿ ಹಾಕಿದರೆ ಏರಿತ್ತು. ಅದೇ ಪಟ್ಟಿ, ಅದೇ ವರ್ಷ, ಎರಡು ತದ್ವಿರುದ್ಧ ಸುದ್ದಿ.

ಪತ್ರ ಬರೆದೆ, ಉತ್ತರವಿಲ್ಲ. ಇನ್ನೊಂದು ಬರೆದೆ. ಕೊನೆಗೆ ಫೋನಿನಲ್ಲಿ ಸಿಕ್ಕವರು ಒಬ್ಬ ಹಿರಿಯ ಗುಮಾಸ್ತರು. ಒಂದೂವರೆ ನಿಮಿಷದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು: ಸೊನ್ನೆ ಎಂದರೆ ಆ ತಿಂಗಳು ಜ್ವರದವರು ಯಾರೂ ಬರಲಿಲ್ಲ, ಗೆರೆ ಎಂದರೆ ಕೇಂದ್ರವೇ ಮುಚ್ಚಿತ್ತು, ಖಾಲಿ ಎಂದರೆ ವರದಿ ಕೈಸೇರಲಿಲ್ಲ. "ಇದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ?" ಎಂದೂ ಕೇಳಿದರು. ಎಲ್ಲರಿಗೂ ಎಂದರೆ ಆ ಕೋಣೆಯಲ್ಲಿ ಕೂರುವ ನಾಲ್ವರಿಗೆ. ಅವರಲ್ಲಿ ಇವರು ಮುಂದಿನ ವರ್ಷ ನಿವೃತ್ತರಾಗುತ್ತಾರೆ.

ಸರ್ಕಾರಿ ದತ್ತಾಂಶದ ಮಾತು ಬಂದಾಗಲೆಲ್ಲ ನಮ್ಮ ಜಗಳ "ಕೊಡುತ್ತಾರೋ, ಇಲ್ಲವೋ" ಎಂಬಲ್ಲಿಗೇ ನಿಲ್ಲುತ್ತದೆ. ನನ್ನ ತಕರಾರು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅಂಕಿ ಕಡತದಲ್ಲಿರುತ್ತದೆ, ಅದರ ಅರ್ಥ ಮಾತ್ರ ಯಾರದೋ ತಲೆಯಲ್ಲಿರುತ್ತದೆ. ಕಡತವನ್ನಷ್ಟೇ ಕೈಗಿತ್ತರೆ ಕೊಟ್ಟಂತಾಗುವುದಿಲ್ಲ. ಯಾವ ಕಾಲಂ ಏನನ್ನು ಹೇಳುತ್ತದೆ, ಯಾರು ಬರೆದರು, ಯಾವ ಉದ್ದೇಶಕ್ಕೆ ಬರೆದರು, ನಡುವೆ ನಿಯಮ ಯಾವಾಗ ಬದಲಾಯಿತು ಎಂಬ ಒಂದು ಪುಟದ ಟಿಪ್ಪಣಿ ಜೊತೆಗಿರಬೇಕು. ಆ ಪುಟವನ್ನು ಬರೆಯುವುದು ಯಾರ ಕೆಲಸವೂ ಅಲ್ಲ, ಆದ್ದರಿಂದ ಯಾರೂ ಬರೆಯುವುದಿಲ್ಲ.

ಯಾವ ಉದ್ದೇಶಕ್ಕೆ ಎಂಬುದು ಸಣ್ಣ ಪ್ರಶ್ನೆಯಲ್ಲ. ದಡಾರ-ಮಂಗಬಾವು-ರುಬೆಲ್ಲಾ ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆಯೇ ಎಂಬ ದಿಗಿಲನ್ನು 1998ರಲ್ಲಿ ಬ್ರಿಟನ್ನಿನ ಒಂದು ಪ್ರಬಂಧ ಹುಟ್ಟುಹಾಕಿತು. ಅದು ಪರಿಶೀಲಿಸಿದ್ದು 12 ಮಕ್ಕಳನ್ನು. 2002ರಲ್ಲಿ ಡೆನ್ಮಾರ್ಕಿನ ಸಂಶೋಧಕರು 5,37,303 ಮಕ್ಕಳ ದಾಖಲೆಗಳನ್ನು ಮುಂದಿಟ್ಟು, ಅಂಥ ನಂಟು ಕಾಣುತ್ತಿಲ್ಲ ಎಂದು ತೋರಿಸಿದರು. ಇದಕ್ಕಾಗಿ ಅವರು ಮನೆಮನೆಗೆ ಹೋಗಲಿಲ್ಲ. ಆ ದೇಶದಲ್ಲಿ 1968ರಿಂದ ಪ್ರತಿಯೊಬ್ಬರಿಗೂ ಒಂದು ಗುರುತು ಸಂಖ್ಯೆ ಇದೆ. ಲಸಿಕೆಯ ದಾಖಲೆಯನ್ನೂ ಮನೋವೈದ್ಯಕೀಯ ದಾಖಲೆಯನ್ನೂ ಅದೇ ಸಂಖ್ಯೆಯ ಮೂಲಕ ಜೋಡಿಸಿದರು. ನನಗೆ ತುಂಬಾ ಹಿಡಿಸಿದ ವಿವರ ಇನ್ನೊಂದಿದೆ: ಲಸಿಕೆ ಹಾಕಿದ ವೈದ್ಯರಿಗೆ ಸರ್ಕಾರ ಹಣ ಕೊಡುತ್ತಿದ್ದದ್ದು ಅವರು ಸಲ್ಲಿಸಿದ ಅದೇ ವರದಿಗಳ ಆಧಾರದ ಮೇಲೆ. ವರದಿ ಬರೆಯದಿದ್ದರೆ ಹಣವಿಲ್ಲ. ಅಂಥ ಕಾಲಮ್ಮಿನಲ್ಲಿ ಖಾಲಿ ಮನೆಗಳು ಕಡಿಮೆ ಎಂದು ಬೇರೆ ಹೇಳಬೇಕಿಲ್ಲ. ಅಂಕಿ ಯಾಕೆ ಹುಟ್ಟಿತು ಎಂದು ಗೊತ್ತಿದ್ದರೆ ಅದನ್ನು ಎಷ್ಟು ನಂಬಬಹುದು ಎಂಬುದೂ ಗೊತ್ತಾಗುತ್ತದೆ.

"ಖಾಸಗಿತನದ ಗತಿ ಏನು?" ಎಂದು ಕೇಳುವವರಿದ್ದಾರೆ. ಕೇಳಲೇಬೇಕು. ಹೆಸರು ಅಳಿಸಿದರೆ ಸಾಕು ಎನ್ನುವವರ ಪೈಕಿ ನಾನಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಆಯೋಗ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು, ಆದರೆ ಹುಟ್ಟಿದ ದಿನ, ಲಿಂಗ, ಅಂಚೆ ಸಂಖ್ಯೆ ಹಾಗೆಯೇ ಉಳಿಸಿ, ಸಂಶೋಧಕರಿಗೆ ಕೊಟ್ಟಿತು. ಲಟಾನ್ಯ ಸ್ವೀನಿ ಎಂಬ ವಿದ್ಯಾರ್ಥಿನಿ 20 ಡಾಲರಿಗೆ ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡು ಪಕ್ಕದಲ್ಲಿಟ್ಟುಕೊಂಡರು. ಗವರ್ನರ್ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ, ಅವರಲ್ಲಿ ಗಂಡಸರು ಮೂವರು, ಗವರ್ನರರ ಅಂಚೆ ಸಂಖ್ಯೆಯಲ್ಲಿ ಇದ್ದವರು ಒಬ್ಬರೇ. ಗವರ್ನರರ ಆಸ್ಪತ್ರೆ ದಾಖಲೆ ಹೀಗೆ ಪತ್ತೆಯಾಯಿತು.

ಹಾಗೆಂದು ಬೀಗ ಜಡಿದು ಕೂರಬೇಕಿಲ್ಲ. ವ್ಯಕ್ತಿಗಳ ವಿವರವಿರುವ ದತ್ತಾಂಶವನ್ನು ಹೊರಗೆ ಕಳುಹಿಸದೆ, ಸಂಶೋಧಕರನ್ನೇ ಒಳಗೆ ಕರೆಯುವ ಪದ್ಧತಿ ಹಲವು ದೇಶಗಳಲ್ಲಿದೆ. ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ 2003ರ ಸುಮಾರಿಗೆ ರೂಪಿಸಿದ ಚೌಕಟ್ಟು ಐದು ಪ್ರಶ್ನೆ ಕೇಳುತ್ತದೆ: ಕೆಲಸ ಯೋಗ್ಯವೇ, ಮಾಡುವವರು ನಂಬಿಕಸ್ಥರೇ, ಜಾಗ ಭದ್ರವೇ, ದತ್ತಾಂಶದಲ್ಲಿ ಗುರುತು ಮರೆಯಾಗಿದೆಯೇ, ಹೊರಗೆ ಒಯ್ಯುವ ಫಲಿತಾಂಶದಿಂದ ಯಾರಾದರೂ ಬಯಲಾಗುತ್ತಾರೆಯೇ. ಇದಕ್ಕೆ ಖರ್ಚಿದೆ, ಕಾಯುವಿಕೆಯೂ ಇದೆ. ಆದರೆ ಈ ಪದ್ಧತಿಯಲ್ಲಿ "ಇಲ್ಲ" ಎನ್ನುವವರೂ ಕಾರಣ ಹೇಳಬೇಕಾಗುತ್ತದೆ. ನನ್ನ ಜ್ವರದ ಪಟ್ಟಿಯಲ್ಲಿ ಇದ್ದದ್ದು ಕೇಂದ್ರಗಳ ಹೆಸರು ಮತ್ತು ಮೊತ್ತಗಳು ಮಾತ್ರ. ಮೊದಲ ಆರು ತಿಂಗಳು ಅದನ್ನು ತಡೆದದ್ದು ಮಾತ್ರ ಇದೇ ಖಾಸಗಿತನದ ಹೆಸರಿನಲ್ಲಿ!

ಬೆಲೆಯ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರವೊಂದಕ್ಕೆ ಮೊದಲು 600 ಡಾಲರ್ ಇತ್ತು, 2008ರಲ್ಲಿ ಉಚಿತವಾಯಿತು. 2013ರಲ್ಲಿ ಬಂದ ಜಗತ್ತಿನ ಕಾಡುಗಳ ನಕ್ಷೆಗೆ ಬಳಸಿದ್ದು 6,54,178 ಚಿತ್ರಗಳು. ಹಳೆಯ ದರದಲ್ಲಿ ಅದಕ್ಕೆ 39 ಕೋಟಿ ಡಾಲರ್ ಬೇಕಿತ್ತು. ಆ ನಕ್ಷೆಯ ಯೋಚನೆಯನ್ನೂ ಯಾರೂ ಮಾಡುತ್ತಿರಲಿಲ್ಲ.

ಕಚೇರಿಗಳ ನಿಜವಾದ ಅಳುಕು ಬೇರೆ ಎಂದು ನನ್ನ ಅನುಮಾನ: ಹೊರಗಿನವರು ನೋಡಿದರೆ ನಮ್ಮ ತಪ್ಪು ಸಿಕ್ಕಿಬೀಳುತ್ತದೆ. ಸಿಕ್ಕಿಬೀಳುವುದು ನಿಜ. ಯಾರೂ ನೋಡದಿದ್ದಾಗಲೂ ಆ ತಪ್ಪು ಅಲ್ಲಿಯೇ ಕುಳಿತು ತನ್ನ ಕೆಲಸ ಮಾಡುತ್ತಿರುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಒಂದು ತಪ್ಪೊಪ್ಪಿಗೆ. ಆ 214 ಪುಟಗಳು ಈಗ ಒಂದು ಅಚ್ಚುಕಟ್ಟಾದ ಕೋಷ್ಟಕವಾಗಿ ನನ್ನ ಕಂಪ್ಯೂಟರಿನಲ್ಲಿವೆ. ಕಳೆದ ತಿಂಗಳು ಸಂಶೋಧನಾ ವಿದ್ಯಾರ್ಥಿಯೊಬ್ಬರು ಅದನ್ನು ಕೇಳಿದರು. ತೆರೆದು ನೋಡಿದೆ. ಕಾಲಮ್ಮುಗಳಿಗೆ ನಾನು ಇಟ್ಟಿದ್ದ ಹೆಸರು "ಕ1", "ಕ2", "ಕ2 ಹೊಸದು". ಖಾಲಿ ಮನೆಗಳಿಗೆಲ್ಲ 99 ಎಂದು ತುಂಬಿದ್ದೆ, ಎಲ್ಲಿಯೂ ಹಾಗೆಂದು ಬರೆದಿಟ್ಟಿರಲಿಲ್ಲ. ಸ್ವಲ್ಪ ಸರಿಪಡಿಸಿ ಕಳುಹಿಸುತ್ತೇನೆ ಎಂದು ಉತ್ತರಿಸಿದ್ದೇನೆ. ಇನ್ನೂ ಕಳುಹಿಸಿಲ್ಲ.