ಪೆಟ್ಟಿಗೆ ಮಾಡಬಲ್ಲವರಿಗೊಂದು ವಿಮಾನ

ನಮ್ಮ ಬಾಗಿಲ ಪಕ್ಕದಲ್ಲಿ ಒಂದು ಚಪ್ಪಲಿ ಸ್ಟ್ಯಾಂಡ್ ಇದೆ. ನಾನೇ ಮಾಡಿದ್ದು. ಬಲಗಾಲು ಅರ್ಧ ಇಂಚು ಗಿಡ್ಡವಾಯಿತೆಂದು ಎಡಗಾಲು ಕೊಯ್ದೆ. ಎಡಗಾಲು ಇನ್ನೂ ಗಿಡ್ಡವಾಯಿತು. ಈಗ ಅದು ಯಾರದೋ ಮದುವೆಯ ಕರೆಯೋಲೆಯನ್ನು ನಾಲ್ಕು ಮಡಿಕೆ ಮಾಡಿ ಕಾಲಡಿಗೆ ಇಟ್ಟುಕೊಂಡು ನಿಂತಿದೆ. ಇಂಥ ಕೈಗುಣದವನು ಎರಡು ತಿಂಗಳಿಂದ ಮನೆಯಲ್ಲೇ ಮರದ ವಿಮಾನ ಕಟ್ಟುವ ಬಗೆ ಓದುತ್ತಿದ್ದೇನೆ. ಓದುವುದಕ್ಕೆ ಯಾರ ಅಪ್ಪಣೆಯೂ ಬೇಡವಲ್ಲ.

ಈ ಹುಚ್ಚು ಹತ್ತಿಸಿದವನು ಆನ್ರಿ ಮಿನ್ಯೆ ಎಂಬ ಫ್ರೆಂಚ್ ಆಸಾಮಿ. ಪ್ಯಾಕಿಂಗ್ ಪೆಟ್ಟಿಗೆಗೆ ಮೊಳೆ ಹೊಡೆಯಲು ಬಂದವನಿಗೆ ವಿಮಾನ ಕಟ್ಟಲೂ ಬರುತ್ತದೆ ಎಂಬುದು ಅವನ ವಾದ. ಬರೀ ಬಾಯಿಮಾತಲ್ಲ. 1933ರಲ್ಲಿ ಪ್ಲೈವುಡ್ಡು, ಮರದ ಪಟ್ಟಿ, ಬಟ್ಟೆ, ಮೋಟಾರ್ ಸೈಕಲ್ಲಿನಂಥ ಪುಟ್ಟ ಎಂಜಿನ್ನು ಸೇರಿಸಿ ಹಾರಿಸಿಯೇಬಿಟ್ಟ. ಮುಂದೊಂದು ರೆಕ್ಕೆ, ಅದರ ಬೆನ್ನಿಗೇ ಇನ್ನೊಂದು. ಕಾಲಿಗೆ ಪೆಡಲ್ಲಿಲ್ಲ, ಕೈಗೊಂದೇ ಕಡ್ಡಿ. ಹಿಂದೆಮುಂದೆ ಆಡಿಸಿದರೆ ಮುಂದಿನ ರೆಕ್ಕೆಯೇ ಓಲುತ್ತದೆ, ಅಕ್ಕಪಕ್ಕ ಆಡಿಸಿದರೆ ಬಾಲದ ಚುಕ್ಕಾಣಿ ತಿರುಗುತ್ತದೆ. ಅವನು ಇಟ್ಟ ಹೆಸರು 'ಆಕಾಶದ ಹೇನು'. ಇಂಗ್ಲಿಷರು ಅದನ್ನು ಚಿಗಟ ಮಾಡಿದರು. ನನಗೇನೋ ಇಂಗ್ಲಿಷರದೇ ಸರಿ ಅನಿಸುತ್ತದೆ, ಹೇನು ಎಲ್ಲಿ ಹಾರೀತು!

ಮರುವರ್ಷ ನಕ್ಷೆಗಳ ಸಮೇತ ಪುಸ್ತಕ ಬಂತು. ಫ್ರಾನ್ಸು, ಇಂಗ್ಲೆಂಡುಗಳಲ್ಲಿ ಜನ ಶೆಡ್ಡು, ಗ್ಯಾರೇಜುಗಳಲ್ಲಿ ಗರಗಸ ಹಿಡಿದು ಕೂತರು. ಹಾರಿದರು. ಕೆಲವರು ಸತ್ತೂ ಹೋದರು. ಮೂತಿ ಒಂದು ಮಿತಿ ದಾಟಿ ಬಗ್ಗಿದರೆ ಹಿಂದಿನ ರೆಕ್ಕೆ ಬಾಲವನ್ನು ಎತ್ತುತ್ತಲೇ ಇರುತ್ತದೆ, ಕಡ್ಡಿ ಎಷ್ಟು ಎಳೆದರೂ ಮೂತಿ ಮೇಲೇಳದು ಎಂಬುದು 1936ರಲ್ಲಿ ಜೋರಾಗಿ ಗಾಳಿ ಹಾಯಿಸುವ ದೊಡ್ಡ ಸುರಂಗದಲ್ಲಿಟ್ಟು ಪರೀಕ್ಷಿಸಿದಾಗ ಗೊತ್ತಾಯಿತು. ಮೊಳೆ ಸರಿಯಾಗೇ ಕೂತಿತ್ತು, ತಪ್ಪಿದ್ದು ಗಾಳಿಯ ಲೆಕ್ಕ. ಆಮೇಲೆ ಮಿನ್ಯೆ ವಿನ್ಯಾಸ ತಿದ್ದಿದ, ಆದರೆ ಅಷ್ಟರಲ್ಲಿ ಹೇನಿನ ಹೆಸರು ಕೆಟ್ಟಿತ್ತು. ಅಮೆರಿಕದ ಮಿನ್ನೆಸೋಟದಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಫೋರ್ಡ್ ಕಾರಿನ ಎಂಜಿನ್ ಕೂರಿಸಿ ಕಟ್ಟಿದ ಮರದ ವಿಮಾನವನ್ನು ಜನ ಇಂದಿಗೂ ಮನೆಯಲ್ಲಿ ಕಟ್ಟುತ್ತಾರೆ. ಬುದ್ಧಿವಂತರು ಅದನ್ನೇ ಆರಿಸಿಕೊಳ್ಳುತ್ತಾರೆ.

ನನ್ನ ಮನಸ್ಸು ಸಿಕ್ಕಿಹಾಕಿಕೊಂಡಿರುವುದು ಹಾರಾಟದಲ್ಲಲ್ಲ, ಬಟ್ಟೆಯೊಳಗಿದ್ದು ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬಿನಲ್ಲಿ. ಹಲಗೆಯ ಮೇಲೆ ಪಕ್ಕೆಲುಬಿನ ಆಕಾರ ಬರೆದು ಗೆರೆಗುಂಟ ಸಣ್ಣ ಮರದ ತುಂಡುಗಳನ್ನು ಬಡಿಯುತ್ತಾರೆ. ಅದೇ ಅಚ್ಚು. ಕಿರುಬೆರಳಿಗಿಂತ ತೆಳ್ಳನೆಯ ಪಟ್ಟಿಗಳನ್ನು ನೆನೆಸಿ ಬಗ್ಗಿಸಿ ಅದರಲ್ಲಿ ಕೂರಿಸಿ, ಕೂಡುವಲ್ಲೆಲ್ಲ ಪ್ಲೈವುಡ್ ಚೂರು ಅಂಟಿಸಿ, ಮಾರನೆಯ ದಿನ ಬಿಡಿಸಿಕೊಳ್ಳುವುದು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೇ. ದಿನಕ್ಕೊಂದು, ಎಲ್ಲ ತದ್ರೂಪ. ಒಂದೇ ವಸ್ತುವನ್ನು ಎರಡು ಸಲ ಒಂದೇ ಥರ ಮಾಡಿದ್ದು ನನ್ನ ಜೀವನದಲ್ಲಿ ಇಲ್ಲ.

ಮರಕ್ಕೆ ಸ್ಪ್ರೂಸ್ ಎಂಬ ಚಳಿನಾಡಿನ ಸೂಜಿಎಲೆ ಮರ ಆಗಬೇಕು. ನೇರ ಎಳೆ, ತೂಕಕ್ಕೆ ಹಗುರ. ನಮ್ಮ ಬೀದಿಯ ಬಡಗಿಯನ್ನು ಕೇಳಿದೆ. "ತೇಗದಲ್ಲಿ ಮಾಡ್ಸಿ ಸಾರ್, ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ" ಅಂದರು. ನಿಜವೇ. ನೆಲ ಬಿಟ್ಟು ಅಲ್ಲಾಡುವುದೇ ಇಲ್ಲ. ಇನ್ನು ಜಾಗದ ಮಾತು. ಮಿನ್ಯೆಯ ರೆಕ್ಕೆ ಸುಮಾರು 6 ಮೀಟರ್. ನಮ್ಮ ಹಜಾರವನ್ನು ಮೂಲೆಯಿಂದ ಮೂಲೆಗೆ ಅಳೆದರೂ ಐದು ದಾಟುವುದಿಲ್ಲ. ಟೇಪು ಹಿಡಿದು ಓಡಾಡುವುದನ್ನು ಕಂಡು ಮನೆಯಾಕೆ ಹೊಸ ಸೋಫಾ ಬರುತ್ತದೆಂದು ಖುಷಿಯಾದಳು.

ಕೊನೆಗೆ ಕೈಗೆಟುಕಿದ್ದು ಅಂಟು. ಆ ಕಾಲದ ವಿಮಾನಗಳನ್ನು ಹಿಡಿದಿಟ್ಟಿದ್ದು ಹಾಲಿನ ಕೇಸಿನ್ ಅಂಟು. ಹಾಲು, ಹುಳಿ, ಸುಣ್ಣ: ಮೂರೂ ನಮ್ಮ ಮನೆಯವೇ. ಅರ್ಧ ಲೀಟರ್ ಹಾಲಿಗೆ ನಿಂಬೆ ಹಿಂಡಿದೆ, ಒಡೆದದ್ದನ್ನು ಪಂಚೆಯಲ್ಲಿ ಸೋಸಿ ತೊಳೆದೆ, ಅಮ್ಮನ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ಕದ್ದು ಕಲಸಿದೆ. ಗಟ್ಟಿ ಮುದ್ದೆ ನೋಡನೋಡುತ್ತ ಜಾರಿ, ಜಿಗುಟು ಜಿಗುಟಾಗಿ ಬೆರಳಿಗೆ ಮೆತ್ತಿಕೊಂಡಿತು. ಟೊಮೆಟೊ ಪೆಟ್ಟಿಗೆಯ ಎರಡು ಪಟ್ಟಿ ಅಂಟಿಸಿ, ರಾತ್ರಿಯಿಡೀ ಮೇಲೆ ಗುಂಡುಕಲ್ಲು ಹೇರಿದೆ.

ವಿಮಾನ ಕಟ್ಟುವವರ ನಿಯಮವೊಂದಿದೆ. ಅಂಟಿಸಿದ ಮಾದರಿಯನ್ನು ಮುರಿದು ನೋಡಬೇಕು. ಮರ ಸೀಳಬೇಕು, ಅಂಟು ಬಿಡಬಾರದು. ಬೆಳಿಗ್ಗೆ ಅಡುಗೆಮನೆ ಕಟ್ಟೆಯಂಚಿಗಿಟ್ಟು ಒತ್ತಿದೆ. ಚಟ್ಟೆಂದಿತು. ಒಂದರ್ಧ ಮರದ ಎಳೆಗಳನ್ನು ಕಿತ್ತುಕೊಂಡೇ ಬಂದಿತ್ತು. ಇನ್ನರ್ಧ ಒಣಗಿದ ಗಿಣ್ಣಿನ ಹಾಗೆ ಬೆಳ್ಳಗೆ, ನುಣ್ಣಗೆ ಬಿಟ್ಟುಕೊಂಡಿತ್ತು.

"ಅರ್ಧ ವಿಮಾನ ಹಾರುತ್ತೆ ಅಂತಾಯ್ತು" ಅಂದಳು ಮನೆಯಾಕೆ. ನನ್ನ ಮುಂದೆ ಕರಿ ಕಾಫಿ ಇಟ್ಟು, ಖಾಲಿ ಹಾಲಿನ ಪಾತ್ರೆಯನ್ನು ಒಂದು ಸಲ ಅಲ್ಲಾಡಿಸಿ ತೋರಿಸಿದಳು.